ಗುಡಾಣದ ಗುನುಗು

ಕತ್ತಿನವರೆಗೆ ಮಣ್ಣಲ್ಲಿ ಹೂತಿದ್ದ ಮೂರು ಗುಡಾಣಗಳಲ್ಲಿ ನಡುವಿನದೊಂದೇ ಗುನುಗುತ್ತಿತ್ತು. ಮಾಯಮ್ಮ ಮೊಣಕಾಲೂರಿ, ಅದರ ಮುಚ್ಚಳಕ್ಕೆ ಕಿವಿಗೊಟ್ಟು ಕೂತಿದ್ದಳು. ಬಿಸಿಲು ನೆತ್ತಿಗೇರಿತ್ತು.

"ಅದು ಹುಳಿ ಬರೋ ಸದ್ದು ಅಜ್ಜಿ," ಎಂದಳು ಚಂದನ, ದ್ರಾಕ್ಷಿ ತುಳಿದು ನೇರಳೆಯಾಗಿದ್ದ ಕಾಲನ್ನು ಕೊಳಾಯಿಗೆ ಒಡ್ಡುತ್ತ. "ಒಳಗೆ ರಸ ಉಕ್ತಾ ಅದೆ."

"ಮೂರ್ಕೂ ಒಂದೇ ದಿನ ತುಂಬುದ್ಯಲ್ಲವ್ವ. ಇದೊಂದೇ ಯಾಕೆ?"

ಚಂದನ ಕೊಳಾಯಿ ನಿಲ್ಲಿಸಿದಳು. ಅರ್ಮೇನಿಯ ಎಂಬ ಬೆಟ್ಟಗಳ ನಾಡಿನಲ್ಲಿ ಎರಡು ವರ್ಷ ವೈನ್ ಮಾಡುವುದನ್ನು ಕಲಿತು, ಮಳವಳ್ಳಿ ಹತ್ತಿರದ ಅಪ್ಪನ ದ್ರಾಕ್ಷಿ ತೋಟಕ್ಕೆ ಮರಳಿದ್ದ ಹುಡುಗಿ ಅವಳು. ಅಲ್ಲಿಯವರು ಗುಡಾಣಗಳನ್ನು ನೆಲದಲ್ಲಿ ಹೂತು ರಸ ಹುದುಗಿಸುತ್ತಿದ್ದರು. ಅಂಥವು ಬೇಕೆಂದು ಅವಳು ಕುಂಬಾರಗೇರಿಗೆ ಬಂದಾಗ ಮಾಯಮ್ಮನ ಗಂಡ ಹೊನ್ನಯ್ಯನನ್ನು ಮಣ್ಣು ಮಾಡಿ ಎಂಟು ತಿಂಗಳಾಗಿತ್ತು. ಹಿತ್ತಿಲಲ್ಲಿ ಉಳಿದಿದ್ದ, ಅವನು ಮಾಡಿದ ಮೂರು ಗುಡಾಣಗಳನ್ನು ಕೊಂಡು ತಂದು ತೋಟದಲ್ಲಿ ಹೂಳಿಸಿದ್ದಳು. ನಡುವಿನದು ಅವನ ಕೈಯ ಕಡೆಯದು.

ಅದು ಸುಟ್ಟು ಆರಿದ ವಾರವೇ ಮಾಯಮ್ಮ ಅವನು ಮಡಕೆ ತಿರುಗಿಸುವ ತಿಗರಿಯನ್ನು ಶಿವನಸಮುದ್ರದ ಒಂದು ರೆಸಾರ್ಟಿನವರಿಗೆ ಮಾರಿದ್ದಳು. ಅದರ ಮೇಲೆ ಹೂಕುಂಡ ಇಡುತ್ತೇವೆ ಅಂದಿದ್ದರು. ಮದ್ದೂರಿನ ಸಂತೆಯಿಂದ ಬಂದ ಹೊನ್ನಯ್ಯ, ಬರಿದಾದ ಜಾಗವನ್ನು ನೋಡಿದ. ಬಯ್ಯಲಿಲ್ಲ. ಸಾಯುವ ತನಕ, ಮೂರು ವರ್ಷ, ಅವಳೊಡನೆ ಒಂದು ಮಾತೂ ಆಡಲಿಲ್ಲ. ಮಣ್ಣು ತಟ್ಟುವಾಗ ಮೂಗಿನಲ್ಲೇ ಗುನುಗುವ ರೂಢಿ ಅವನದು. ನಡುವೆ ಉಸಿರಿಗೆಂದು ತಡೆದು, ಒಂದು ಸ್ವರ ಇಳಿದು ಮತ್ತೆ ಎತ್ತಿಕೊಳ್ಳುತ್ತಿದ್ದ. ಆ ಗುನುಗೂ ಅಂದಿಗೇ ನಿಂತಿತ್ತು.

ಈಗ ಗುಡಾಣ ಗುನುಗುತ್ತಿತ್ತು. ತಡೆಯುತ್ತಿತ್ತು. ಒಂದು ಸ್ವರ ಇಳಿದು ಮತ್ತೆ ಎತ್ತಿಕೊಳ್ಳುತ್ತಿತ್ತು.

ಮಾಯಮ್ಮ ಮುಚ್ಚಳದಿಂದ ಕಿವಿ ತೆಗೆದಳು. "ಆ ದೇಸ್ದೋರು ಸತ್ತೋರ್ಗೂ ಈ ರಸಾನ ಕೊಡ್ತಿದ್ರಾ ಮಗ?"

"ಆರು ಸಾವಿರ ವರ್ಷದ ಹಿಂದಿನ ಗುಡಾಣಗಳು ಒಂದು ಗವೀಲಿ ಸಿಕ್ಕವೆ ಅಜ್ಜಿ. ಸುತ್ತ ಸತ್ತೋರನ್ನ ಹೂತಿದ್ರು. ಕೊಟ್ಟೇ ಇರ್ತಾರೆ."

ಚಂದನ ಬುಟ್ಟಿ ತೊಳೆಯಲು ಶೆಡ್ಡಿನತ್ತ ಹೋದಳು. ಮಾಯಮ್ಮ ಸುತ್ತ ನೋಡಿ, ಗುಡಾಣದ ಮುಚ್ಚಳದ ಬಳಿ ಬಾಯಿ ತಂದಳು. "ನಿನ್ ಕೇಳ್ದೆ ತಿಗ್ರಿ ಮಾರ್ಬುಟ್ಟೆ. ತಪ್ಪಾಯ್ತು," ಎಂದಳು. ಸುಮಾರು ನಾಲ್ಕು ವರ್ಷ ಗಂಟಲಲ್ಲೇ ಇದ್ದ ಮಾತು.

ಗುನುಗು ತಡೆಯಿತು. ಅವಳು ಉಸಿರು ಬಿಗಿಹಿಡಿದು ಕಾದಳು. ಮತ್ತೆ ಎತ್ತಿಕೊಳ್ಳಬೇಕಿತ್ತು, ಎತ್ತಿಕೊಳ್ಳಲಿಲ್ಲ.

"ಅಯ್ಯೋ, ನಿಂತೋಯ್ತಾ?" ಚಂದನ ಓಡಿಬಂದು ಮುಚ್ಚಳಕ್ಕೆ ಕೈಹಾಕಿದಳು. "ಕೆಟ್ಟೋಯ್ತದೆ ಅಜ್ಜಿ, ಬುಡಿ, ನೋಡ್ತೀನಿ."

ಮಾಯಮ್ಮ ಅವಳ ಮುಂಗೈ ಹಿಡಿದಳು. "ತೆಗೀಬ್ಯಾಡ ಕಣವ್ವ. ನಿಂತಿಲ್ಲ. ಕೇಳುಸ್ಕತಾ ಅವ್ನೆ."

ಇಬ್ಬರೂ ಅಲ್ಲೇ ಕೂತರು. ಬಳ್ಳಿಯ ಎಲೆಯೊಂದೂ ಅಲುಗುತ್ತಿರಲಿಲ್ಲ. ಸುಡುವ ಬಿಸಿಲಿನಲ್ಲಿ, ನಡುವಿನ ಗುಡಾಣದ ಕತ್ತಿನ ಸುತ್ತಲ ಒಣಮಣ್ಣು ಮೆಲ್ಲಗೆ ಒದ್ದೆಯಾಗತೊಡಗಿತು.