ಗುರುವಾರದ ಕೇಕ್

ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು ನಾನು. ಮೊಮ್ಮಗಳು ಹ್ಯಾಟಿಯ ಮೊದಲ ಹುಟ್ಟುಹಬ್ಬ ನನಗೆ ಯಾವ ಲೆಕ್ಕ? ಚರ್ಚಿನ ನೆಲಮಾಳಿಗೆಗೆ ಬಾಡಿಗೆಯಿಲ್ಲ, ಕೊನೆಯಲ್ಲಿ ನೆಲ ಒರೆಸಿಕೊಟ್ಟರೆ ಆಯಿತು. ಬರುವವರು ಮನೆಗೊಂದು ತಿಂಡಿ ಮಾಡಿಕೊಂಡು ಬರುತ್ತಾರೆ, ನಮ್ಮೂರಲ್ಲಿ ಬರಿಗೈಲಿ ಯಾರೂ ಬರುವುದಿಲ್ಲ. ಬನ್ನು, ಸಾಸೇಜು, ದೊಡ್ಡ ಕೇಕು ನನ್ನ ಪಾಲಿಗೆ. ಅಳಿಯ ಟ್ರೆಂಟ್‌ಗೆ ಗೋದಾಮಿನಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಸಿಗುತ್ತಿದ್ದ ಕಾಲ ಅದು. ಕೈ ಬಿಗಿ ಹಿಡಿಯಬೇಕಿತ್ತು, ಹಿಡಿದೆ.

ಆದರೆ ನನ್ನ ಮಗಳು ಕೆಲ್ಸಿ ಇದ್ದಾಳಲ್ಲ, ಅವಳು ಹೂಂ ಅನ್ನಲೊಲ್ಲಳು, ಉಹೂಂ ಅನ್ನಲೊಲ್ಲಳು.

"ಎಷ್ಟು ಜನಾನ ಕರೆಯೋಣ್ವೇ?"

"ನೋಡೋಣಮ್ಮ."

"ಬಲೂನು ಹಳದಿ ತರ್ಲಾ, ಕೆಂಪು ತರ್ಲಾ?"

"ಆಮೇಲೆ ನೋಡೋಣ."

"ಹುಟ್ಟುಹಬ್ಬ ಏನು ನಿನ್ನ ನೋಡೋಣಕ್ಕೆ ಕಾಯ್ಕೊಂಡು ಕೂತಿರುತ್ತಾ?" ಎಂದು ರೇಗಿದೆ. ಹೋಗಿ ಬಲೂನು, ಕಾಗದದ ತಟ್ಟೆ ಎಲ್ಲ ತಂದೂಬಿಟ್ಟೆ. ಚೀಲ ಹಿಡಿದು ಬಾಗಿಲಿಗೆ ಬಂದರೆ ಅವಳು ಅಡ್ಡ ನಿಂತಳು. "ಬೇಡಮ್ಮ, ನಿನ್ನ ದಮ್ಮಯ್ಯ. ಒಳಗೆ ತರಬೇಡ."

ಚೀಲವನ್ನು ತಿರುಗಿ ಕಾರಿಗೇ ಹಾಕಿದೆ. ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಚೀಲ ಅವಳ ಬೀರುವಿನಲ್ಲಿ ಬಿಚ್ಚದೆ ಉಳಿದುಹೋಗಿತ್ತು. ಅವಳ ಚೊಚ್ಚಲ ಮಗ ಮೈಲೋನ ಮೊದಲ ಹುಟ್ಟುಹಬ್ಬದ ಸಾಮಾನು. ಹಬ್ಬಕ್ಕೆ ಇನ್ನು ಎರಡು ವಾರ ಇದೆ ಅನ್ನುವಾಗ ಒಂದು ಮಧ್ಯಾಹ್ನ ಉಂಡು ತೊಟ್ಟಿಲಲ್ಲಿ ಮಲಗಿದ ಮಗು ಏಳಲೇ ಇಲ್ಲ. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಯಾಕೆ ಎಂದು ಕೇಳಿದರೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೆ. ಈಗ ಹ್ಯಾಟಿಯನ್ನು ನೋಡಿ ಅದೇ ಡಾಕ್ಟರು ಗುಂಡುಕಲ್ಲಿನ ಹಾಗಿದ್ದಾಳೆ ಅನ್ನುತ್ತಾರೆ. ಮೈಲೋನನ್ನೂ ಹಾಗೇ ಅಂದಿದ್ದರು.

ನನಗೂ ಹೆದರಿಕೆಯೇ. ಯಾಕೆ ಸುಳ್ಳು ಹೇಳಲಿ? ಕೆಲಸ ಮಾಡುತ್ತಿದ್ದರೆ ಹೆದರಿಕೆ ಮರೆಯುತ್ತದೆ ಎಂದು ಹಬ್ಬದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡಿದ್ದೆ. ಹಾಗೆ ಎಳೆದುಕೊಳ್ಳುವಾಗಲೇ ಎಡವಟ್ಟು ಮಾಡಿದ್ದು.

ಮೊದಲ ಹುಟ್ಟುಹಬ್ಬಕ್ಕೆ ಕೂಸಿಗೇ ಅಂತ ಒಂದು ಪುಟ್ಟ ಕೇಕ್ ಮಾಡುತ್ತೇವೆ. ಕೂಸು ಎರಡೂ ಕೈಯಲ್ಲಿ ಅದನ್ನು ಹಿಸುಕಿ ಮೂತಿಗೆಲ್ಲ ಬಳಿದುಕೊಳ್ಳಬೇಕು. ಆ ಫೋಟೋ ಆಮಂತ್ರಣದ ಕಾರ್ಡಿನ ಮೇಲೆ ಬರಬೇಕು. ಕಾರ್ಡಿಗೆ ಫೋಟೋ ಬೇಕಾದರೆ ಹಬ್ಬಕ್ಕೆ ಮೊದಲೇ ಒಮ್ಮೆ ಕೇಕ್ ಹಿಸುಕಿಸಬೇಕಲ್ಲ? ಸ್ಟುಡಿಯೋದವರು ಅದಕ್ಕೆ ಕೇಳುವ ದುಡ್ಡಿಗೆ ಊರಿಗೆಲ್ಲ ಊಟ ಹಾಕಬಹುದು. ಮನೆಯಲ್ಲೇ ತೆಗೆಯೋಣ ಎಂದೆ. ಕಾರ್ಡು ಅಚ್ಚು ಹಾಕುವ ಅಂಗಡಿಯ ರಿಯಾಯಿತಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಹಾಗಾಗಿ ಗುರುವಾರ ಎಂದು ಗೊತ್ತುಮಾಡಿದೆ. ಕೆಲ್ಸಿಯ ಮುಖ ಬಿಳಿಚಿಕೊಂಡಿತು.

ನಾನು ಹೊರಟಾಗ ಟ್ರೆಂಟ್ ಕಾರಿನ ತನಕ ಬಂದ.

"ಅತ್ತೆ, ಗುರುವಾರಾನೇ ಆಗ್ಬೇಕಾ?"

"ಯಾಕಪ್ಪ, ಗುರುವಾರ ಏನು ಮಾಡಿದೆ ನಿಂಗೆ?"

"ಅವತ್ತಿಗೆ ಹ್ಯಾಟಿಗೆ ಮುನ್ನೂರ ನಲವತ್ತೊಂಬತ್ತು ದಿನ."

"ಆಗ್ಲಿ, ಅದಕ್ಕೇನೀಗ?"

"ಮೈಲೋ ಬದುಕಿದ್ದೂ ಅಷ್ಟೇ ದಿನ ಅತ್ತೆ. ಕೆಲ್ಸಿ ದಿನಾ ಎಣಿಸ್ತಾಳೆ."

ಕಾರಿನ ಬೀಗದ ಕೈ ಕೈಯಿಂದ ಜಾರಿ ಬಿತ್ತು. ಮೈಲೋ ಹೋದದ್ದು ಚಳಿಗಾಲದಲ್ಲಿ, ಇದು ಇನ್ನೂ ಸೆಪ್ಟೆಂಬರ್. ವಯಸ್ಸನ್ನು ದಿನದ ಲೆಕ್ಕದಲ್ಲಿ ಎಣಿಸಬೇಕು ಅಂತಲೇ ನನಗೆ ಹೊಳೆದಿರಲಿಲ್ಲ. ತಿರುಗಿ ಒಳಗೆ ಹೋಗಿ, ಬೇಡ ಬಿಡು, ಕಾರ್ಡೂ ಬೇಡ ಗೀರ್ಡೂ ಬೇಡ ಎಂದೆ.

"ಇಲ್ಲಮ್ಮ, ಗುರುವಾರಾನೇ ಮಾಡೋಣ" ಎಂದಳು ಕೆಲ್ಸಿ. "ಬೇಡ ಅಂದ್ರೆ ಅವತ್ತು ಏನೋ ಆಗುತ್ತೆ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ."

ಗುರುವಾರ ಟ್ರೆಂಟ್‌ಗೆ ಕೆಲಸವಿತ್ತು, ನಾವಿಬ್ಬರೇ. ಕೂಸಿಗೆ ಆಗದಿದ್ದರೆ ಅಂತ ಕೇಕಿಗೆ ಕಡಲೆಕಾಯಿ ಇಲ್ಲ, ಜೇನು ಇಲ್ಲ. ಬಾಳೆಹಣ್ಣನ್ನು ಒಂದು ಗಂಟೂ ಉಳಿಯದ ಹಾಗೆ ಮೂರು ಸಲ ಹಿಸುಕಿದ್ದೆ. ಹ್ಯಾಟಿ ಮೊದಲು ಬೆರಳು ಚುಚ್ಚಿದಳು, ಆಮೇಲೆ ಮುಖವನ್ನೇ ಇಟ್ಟಳು. ಹೊಟ್ಟೆ ಕುಣಿಸಿಕೊಂಡು ನಕ್ಕಳು. ಒಮ್ಮೆ ಕೆಮ್ಮಿದಳು ನೋಡಿ, ನಾವಿಬ್ಬರೂ ಧಡಕ್ಕನೆ ಎದ್ದು ನಿಂತೆವು. ಕೆಲ್ಸಿ ತೆಗೆದ ಫೋಟೋಗಳಲ್ಲಿ ಅರ್ಧಕ್ಕರ್ಧ ಅಲುಗಿಹೋದವು.

ಒಂದೂವರೆಗೆ ಹ್ಯಾಟಿ ಕಣ್ಣುಜ್ಜಿಕೊಳ್ಳತೊಡಗಿದಳು.

"ಮಲಗಿಸಬೇಡಮ್ಮ. ಇವತ್ತೊಂದಿನ."

ಎತ್ತಿಕೊಂಡು ತಿರುಗಾಡಿದಳು, ಹಾಡಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಕೂಸು ನಿದ್ದೆಗಾಗಿ ಚೀರಿಕೊಂಡು ಅತ್ತಿತು. ನನಗೆ ತಡೆಯಲಾಗಲಿಲ್ಲ. "ನಿದ್ದೆ ಕೆಡಿಸಿದ್ರೆ ಬದುಕಿಸ್ಕೋಬಹುದು ಅಂತಿದ್ದೀಯೇನೇ?" ಎಂದುಬಿಟ್ಟೆ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ.  ಅವಳು ಮಗುವನ್ನು ನನ್ನ ತೋಳಿಗೆ ಹಾಕಿದಳು, ಅದು ನನ್ನ ಹೆಗಲ ಮೇಲೆ ಎರಡು ನಿಮಿಷಕ್ಕೆ ನಿದ್ದೆ ಹೋಯಿತು. ತೊಟ್ಟಿಲಲ್ಲಿ ಅಂಗಾತ ಮಲಗಿಸಿದೆವು.

ಕೆಲ್ಸಿ ಪಕ್ಕದಲ್ಲೇ ಕೂತು ಉಸಿರು ಎಣಿಸಿದಳು. ತುಟಿ ಅಲ್ಲಾಡುವುದು ಬಾಗಿಲಲ್ಲಿ ನಿಂತ ನನಗೆ ಕಾಣುತ್ತಿತ್ತು. ನಡುವೆ ಟ್ರೆಂಟ್‌ನ ಫೋನು ಬಂತು, ಇಬ್ಬರೂ ಎತ್ತಲಿಲ್ಲ. ಎರಡೂವರೆ ದಾಟುತ್ತಿದ್ದಂತೆ ಅವಳು ಎದ್ದು ಕೋಣೆಯ ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲಿಗೆ ನಡೆದಳು. ಬೆನ್ನು ಹಾಕಿ ಕೂತು ಕಂಬ ಹಿಡಿದುಕೊಂಡಳು.

"ಮೂರಕ್ಕೆ ಕಾಲು ಗಂಟೆ ಇತ್ತಮ್ಮ, ಅವತ್ತು ನಾನು ಎಬ್ಬಿಸೋಕೆ ಹೋದಾಗ. ನಾನೇ ಮುಟ್ಟಿದ್ದು. ಇವತ್ತು ನನ್ನ ಕೈಲಾಗಲ್ಲ, ನೀನು ಹೋಗು."

ಹೋದೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವಳು ತಿರುಗಿಸಲಾರದೆ ನಿಂತೆ. ಅರವತ್ತಮೂರು ವರ್ಷದ ಹೆಂಗಸು, ಕುದಿಯುವ ಹಂಡೆಗಳನ್ನು ಒಬ್ಬಳೇ ಇಳಿಸಿದವಳು, ಒಂದು ಮಲಗುವ ಕೋಣೆಗೆ ಕಾಲಿಡಲು ಹೆದರಿ ಬೆವೆತೆ. ದೇವರೇ, ಇನ್ನೊಂದು ಸಲ ಬೇಡ, ಬೇಕಾದರೆ ನನ್ನನ್ನು ಕರೆದುಕೋ ಎಂದುಕೊಂಡು ಒಳಗೆ ಹೋದೆ.

ಹ್ಯಾಟಿ ಮಲಗಿಸಿದ ಹಾಗೇ ಇದ್ದಳು. ಬಾಯಿ ಅರೆ ತೆರೆದಿತ್ತು. ಕಿಟಕಿಯ ಪರದೆ ಎಳೆದಿತ್ತು, ಎದೆ ಏರಿಳಿಯುವುದು ಕಾಣಲಿಲ್ಲ. ಪಾದ ಮುಟ್ಟಿದೆ. ತಣ್ಣಗಿತ್ತು. ಮೂಗಿನ ಕೆಳಗೆ ಬೆರಳು ಹಿಡಿದೆ. ಹಂಡೆ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಉಸಿರು ಹೇಗೆ ತಿಳಿಯಬೇಕು? "ಹ್ಯಾಟಿ" ಎಂದೆ. ಇಲ್ಲ. "ಏ ಪುಟ್ಟಿ." ಊಹೂಂ.

"ಅಮ್ಮಾ?" ಕೆಲ್ಸಿ ಹೊರಗಿಂದ ಕೂಗಿದಳು.

ನಾನು ಕೂಸಿನ ಕೆನ್ನೆ ತಟ್ಟಿದೆ.

"ಅಮ್ಮಾ! ಏನಾದ್ರೂ ಹೇಳಮ್ಮಾ!"

ಎರಡೂ ಕೈ ಹ್ಯಾಟಿಯ ಬೆನ್ನಡಿಗೆ ಹಾಕಿ ಎತ್ತಿದೆ. ಕೈಗೆ ಬಿಸಿಬಿಸಿ ಏನೋ ಹತ್ತಿತು. ಆಮೇಲೆ ವಾಸನೆ ಬಂತು. ಹಿಂದೆಯೇ ನಿದ್ದೆ ಕೆಟ್ಟ ಸಿಟ್ಟಿಗೆ ಕೂಸು ನನ್ನ ಗಲ್ಲಕ್ಕೆ ಒದ್ದು ಕಿರುಚಿತು.

"ಬಾರೇ ಕೆಲ್ಸಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ನಿನ್ನ ಮಗಳು ಕತ್ತಿನ ತನಕ ಕಕ್ಕ ಮಾಡ್ಕೊಂಡವ್ಳೆ! ಕೇಕ್ ಹೊಟ್ಟೆಗೆ ಹಿಡಿದಿಲ್ಲ, ಬಾರೇ!"

ಅವಳು ಓಡಿ ಬಂದು ಹೊಲಸು ಗಿಲಸು ನೋಡದೆ ಕಿತ್ತುಕೊಂಡು ಎದೆಗೆ ಅಪ್ಪಿಕೊಂಡಳು. ಹಾಗೇ ನೆಲಕ್ಕೆ ಕುಸಿದಳು. ಕೂಸು ಅಳುತ್ತಿತ್ತು, ಅವಳೂ ಅಳುತ್ತಿದ್ದಳು, ನಾನು ಹಾಳು ಹಾಸಿಗೆಗೆ ಬೈಯುತ್ತಾ ಅಳುತ್ತಿದ್ದೆ.

ಸ್ನಾನ ಮಾಡಿಸುವಷ್ಟರಲ್ಲಿ ಮೂರೂಕಾಲಾಯಿತು. ಟವೆಲ್ಲಿನಲ್ಲಿ ಸುತ್ತಿದ ಹ್ಯಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆಲ್ಸಿ ಗಡಿಯಾರವನ್ನೇ ನೋಡುತ್ತಿದ್ದಳು.

"ಕಳೀತಲ್ಲ ಮಗಾ. ಇನ್ನೇನು ಹೆದರಿಕೆ?" ಎಂದೆ.

"ಹೂಂ, ಕಳೀತು."

ಕೂಸಿನ ಒದ್ದೆ ಕೂದಲನ್ನು ನಿಧಾನವಾಗಿ ಒರೆಸಿದಳು. ಒರೆಸುತ್ತಾ ಒರೆಸುತ್ತಾ ಕೈ ನಿಂತಿತು.

"ಬೆಳಿಗ್ಗೆ ತನಕ ಮೈಲೋ ಇವಳಿಗೆ ಅಣ್ಣ ಆಗಿದ್ದ" ಎಂದಳು. "ಈಗ ತಮ್ಮ ಆಗ್ಬಿಟ್ನಲ್ಲಮ್ಮಾ."