ಸೂಜಿಗಿಂತ ಮೊದಲು ನೀರು

ಡಾಕ್ಟರ್ ಅನ್ನಪೂರ್ಣಾ ಶ್ರದ್ಧಾಳ ಮುಂಗೈ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟರು. ಎತ್ತಿದ ಚರ್ಮ ಹಾಗೇ ನಿಂತಿತು.

“ನೀರು ಯಾವಾಗ ಕುಡದಿ ತಂಗಿ?”

“ನಿನ್ನಿ ಮಧ್ಯಾಹ್ನ ಊಟಕ್ಕರಿ. ಇವತ್ತ ಅನಂತ ಚತುರ್ದಶಿ, ಉಪಾಸ ಐತ್ರಿ.”

“ಒಂದ ಹನಿನೂ ಇಲ್ಲಾ?”

ಶ್ರದ್ಧಾ ಇಲ್ಲವೆಂದು ತಲೆಯಾಡಿಸಿದಳು.

ಪಕ್ಕದಲ್ಲಿದ್ದ ತಾಯಿ ಜಿನ್ನವ್ವ ಮಗಳ ಮುಂಗೈ ಹಿಡಿದು ನೋಡಿದಳು. ಅವಳು ನಸುಕಿನ ಬಸ್ಸು ಹಿಡಿದು ಮೂಡಲಗಿಯಿಂದ ಬೆಳಗಾವಿಯ ಈ ಆಸ್ಪತ್ರೆಗೆ ಬಂದಿದ್ದಳು. ಮಗಳು ಬಂದದ್ದು ಹುಕ್ಕೇರಿಯ ಗಂಡನ ಮನೆಯಿಂದ, ಮಾವ ತಾತ್ಯಾಸಾಹೇಬರ ಜೀಪಿನಲ್ಲಿ.

ಶ್ರದ್ಧಾಳಿಗೆ ಇದ್ದದ್ದೇ ಒಂದು ಕಿಡ್ನಿ. ಇನ್ನೊಂದನ್ನು ಹನ್ನೊಂದನೆಯ ವಯಸ್ಸಿನಲ್ಲೇ ತೆಗೆದಿದ್ದರು. ಈಗ ಉಳಿದದ್ದೂ ಸೋಲುತ್ತಿತ್ತು. ಒಳಗೆ ಗಾಯ ಮಾಯ್ದಂಥ ಕಲೆ ಎಷ್ಟು ಕಟ್ಟಿದೆ ಎಂದು ತಿಳಿಯದೆ ಔಷಧ ಗೊತ್ತುಮಾಡುವಂತಿರಲಿಲ್ಲ. ತಿಳಿಯಬೇಕೆಂದರೆ ಸೂಜಿ ಚುಚ್ಚಿ ಚೂರು ತೆಗೆಯಬೇಕು. ಇದ್ದ ಒಂದರಲ್ಲಿ ರಕ್ತ ನಿಲ್ಲದೇ ಹೋದರೆ? ಅದಕ್ಕೇ ಡಾಕ್ಟರು, ಇನ್ನೂ ಒರೆಗೆ ಹಚ್ಚಿ ನೋಡುತ್ತಿದ್ದ ಹೊಸ ಬಗೆಯ ಎಂಆರ್‌ಐಗೆ ಅವಳನ್ನು ಸೇರಿಸಿಕೊಂಡಿದ್ದರು. ಕಿಡ್ನಿಯೊಳಗೆ ನೀರು ಸಲೀಸಾಗಿ ಓಡಾಡುತ್ತದೋ, ಕಲೆಗೆ ತಡೆದು ನಿಲ್ಲುತ್ತದೋ ಎಂದು ಮಶೀನು ಹೊರಗಿನಿಂದಲೇ ನೋಡುತ್ತಿತ್ತು. ಎರಡು ತಿಂಗಳು ಕಾದ ಮೇಲೆ ಸಿಕ್ಕ ದಿನ ಇದು.

“ಹಿಂಗ ಒಣಗಿ ಬಂದ್ರ ಇದ್ದದ್ದಕ್ಕಿಂತ ಹೆಚ್ಚ ಕಲೆ ಕಂಡೀತು. ಆಮ್ಯಾಲ ಸೂಜೀನ ಗತಿ,” ಎಂದರು ಅರಭಾವಿ ಕಡೆಯ ಆ ಡಾಕ್ಟರು. “ನೀರು ಕುಡದ ಬರ್ರಿ ಅಂತ ಚೀಟಿ ಮ್ಯಾಲ ಬರದಿದ್ದೆ.”

ಜಿನ್ನವ್ವ ತಿರುಗಿದಳು. “ಚೀಟಿ ಓದಿದ್ರೋ ಇಲ್ಲೋ, ಬೀಗರ?”

“ಓದೀನ್ರಿ,” ಎಂದರು ತಾತ್ಯಾಸಾಹೇಬ. “ಆದ್ರ ಸ್ಕ್ಯಾನ್ ಚಲೋ ಬರ್ಲಿ ಅಂತ ನಾನ ಬಸ್ತ್ಯಾಗ ಮುನಿಗಳ ಮುಂದ ಇಕಿ ಕಡೆ ಉಪಾಸದ ಸಂಕಲ್ಪ ಮಾಡಿಸೀನಿ. ನಾಳೆ ಉಪಾಸ ಬಿಡೂ ಪಾರಣಿ ಊಟಕ್ಕ ನೂರು ಮಂದಿ ಬರ್ತಾರ.”

“ಮಂದಿ ಬರ್ತಾರಂತ! ಸಂಕಲ್ಪ ನಿಮ್ಮದು, ಒಣಗಾಕ ನನ್ನ ಮಗಳು? ನೀವು ದಾರ್ಯಾಗ ಚಾ ಕುಡದ ಬಂದೀರಿ, ಮೀಸಿಗೆ ಇನ್ನೂ ಕೆನಿ ಹತ್ತೈತಿ.”

ಸ್ಕ್ಯಾನಿನ ಸರದಿಗೆ ಸಾಲಿನಲ್ಲಿ ಕುಳಿತವರು ಕಿಸಕ್ಕನೆ ನಕ್ಕರು. ತಾತ್ಯಾಸಾಹೇಬ ಮೀಸೆ ಒರೆಸಿಕೊಂಡರು. “ಧರ್ಮದ ಮಾತಿನ್ಯಾಗ ಹಿಂಗ ದನಿ ಏರಸಬಾರ್ದ್ರಿ.”

“ಜಡ್ಡಿನವರನ್ನ ಕೊಲ್ಲು ಅಂತ ಯಾವ ಧರ್ಮ ಹೇಳೇತ್ರಿ? ಇರುವಿ ಸತ್ತೀತಂತ ನೆಲಾ ನೋಡಿ ನಡಿಯೋ ಜೈನ ಮಂದಿ ನಾವು!”

ಜಿನ್ನವ್ವ ಚೀಲದಿಂದ ಮುಚ್ಚಳದ ತಂಬಿಗೆ ತೆಗೆದಳು. ಮನೆಯಲ್ಲೇ ಸೋಸಿ ಕಾಯಿಸಿ ತಂದ ನೀರು. ಶ್ರದ್ಧಾ ಹಿಂದೆ ಸರಿದಳು.

“ಬ್ಯಾಡ ಅವ್ವ. ಸಂಕಲ್ಪ ಮುರದ್ರ ನನಗ ಏನಾರ ಆದೀತು.”

ಆ ಮಾತಿಗೆ ಜಿನ್ನವ್ವನ ಸಿಟ್ಟು ಬೀಗರನ್ನು ಬಿಟ್ಟು ತನ್ನ ಮೇಲೇ ಹೊರಳಿತು. ಹಿಂದೆ ಇದೇ ಮಗಳು ಒಂಬತ್ತು ವರ್ಷದ ಕೂಸಾಗಿ ಇಡೀ ದಿನ ನೀರಿಲ್ಲದೆ ತುಟಿ ಕಚ್ಚಿ ಕುಳಿತಾಗ, ಓಣಿಗೆಲ್ಲ ತೋರಿಸಿ ಹಿಗ್ಗಿದವಳು ಯಾರು? ಸಂಜೆ ಅದು ಜೋಲಿ ಹೊಡೆದು ಬಿದ್ದರೂ, “ಇದೊಂದ ರಾತ್ರಿ ತಡಿ” ಎಂದವಳು ಯಾರು?

“ನಿನಗ ಈ ಹೆದರಿಕಿ ಕಲಸಿದಾಕಿ ನಾನ. ತಪ್ಪು ಕಲಸೀನಿ,” ಎಂದಳು. ತಂಬಿಗೆಯನ್ನು ಮಗಳ ಕೈಗಿಟ್ಟಳು. “ಪಾಪ ಇದ್ರ ನನಗ ಹತ್ಲಿ. ಕುಡಿ ನನ್ನವ್ವ.”

ಶ್ರದ್ಧಾ ಮಾವನ ಕಡೆ ನೋಡಲಿಲ್ಲ. ತಂಬಿಗೆ ಎತ್ತಿದಳು. ಕಣ್ಣೀರು ಗದ್ದಕ್ಕಿಳಿಯುತ್ತಿದ್ದರೂ ಗುಟುಕು ಗುಟುಕಾಗಿ ಕುಡಿದಳು. ತಾಸಿಗೊಮ್ಮೆ ಎಷ್ಟು ಕುಡಿಯಬೇಕೆಂದು ಹೇಳಿ, ಡಾಕ್ಟರು ಸಂಜೆಯ ಕಡೆಯ ಸರದಿ ಕೊಟ್ಟರು.

ಸಂಜೆ ಪರದೆಯ ಮೇಲಿನ ಚಿತ್ರವನ್ನೂ ರಕ್ತದ ರಿಪೋರ್ಟುಗಳನ್ನೂ ಹೋಲಿಸಿ ನೋಡಿ ಅವರು ಹೇಳಿದರು: “ಕಲೆ ಐತಿ. ಆದ್ರ ಹೆದರಿದಷ್ಟಿಲ್ಲ. ಸದ್ಯಕ್ಕ ಸೂಜಿ ಬ್ಯಾಡ, ಗುಳಿಗಿ ಶುರು ಮಾಡೂಣು. ಇನ್ನ ಮ್ಯಾಲ ಒಣ ಉಪಾಸ ಖಂಡಿತ ಇಲ್ಲ.”

ತಾತ್ಯಾಸಾಹೇಬರ ಮುಖ ಅರಳಿತು. “ನೋಡಿದ್ರಿಲ್ಲೋ? ಅರ್ಧಾ ದಿನದ ಉಪಾಸಕ್ಕ ಇಷ್ಟ ಪುಣ್ಯ! ಬರು ವರ್ಷ ಪೂರಾ—”

ಜಿನ್ನವ್ವ ಅವರ ಮಾತು ಮುಗಿಯಗೊಡಲಿಲ್ಲ. ನೆಟ್ಟಗೆ ಹೊರಗೆ ಹೋಗಿ ಜೀಪಿನಿಂದ ಮಗಳ ಬಟ್ಟೆಯ ಚೀಲ ಇಳಿಸಿಕೊಂಡು, ಹಿಂದೆ ಬಂದ ಬೀಗರ ಕಡೆ ತಿರುಗಿದಳು.

“ಇಕಿ ಮೂಡಲಗಿಗೆ ಬರ್ತಾಳ. ನಿಮ್ಮ ಮಗ ವೃಷಭಗ ಹೇಳ್ರಿ, ಹೇಂತಿ ಬೇಕಾದ್ರ ಡಾಕ್ಟರ್ ಚೀಟಿ ಬಾಯಿಪಾಠ ಮಾಡ್ಕೊಂಡ ಬರ್ಲಿ. ನಿಮ್ಮ ನೂರು ಮಂದಿ ಕೇಳಿದ್ರ, ಬೀಗತಿ ಕುಡಿಸಿದ್ಲು ಅನ್ರಿ.”

“ಮನಿ ಮರ್ಯಾದಿ—”

“ಅದನ್ನ ನೀವ ಒಯ್ರಿ.”

ಮೂಡಲಗಿಯ ದಾರಿ ಹಿಡಿದ ಗೋಕಾಕದ ಬಸ್ಸಿನಲ್ಲಿ ಶ್ರದ್ಧಾ ಕಿಡಕಿಗೆ ತಲೆಯಾನಿಸಿ ನಿದ್ದೆ ಹೋದಳು. ಹೊತ್ತು ಮುಳುಗಿ ಹೋಗಿತ್ತು; ಬೇರೆ ದಿನವಾಗಿದ್ದರೆ ಹೊತ್ತು ಮುಳುಗಿದ ಮೇಲೆ ಜಿನ್ನವ್ವ ನೀರನ್ನೂ ಮುಟ್ಟಗೊಡುತ್ತಿರಲಿಲ್ಲ. ಡಾಕ್ಟರು ಹೇಳಿದ ತಾಸು ಬಂದಾಗ ಜಿನ್ನವ್ವ ಅವಳನ್ನು ಎಬ್ಬಿಸಿ ಕುಡಿಸಿದಳು. ತಾಯಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.