ಖಾಸಿಂಬೀ ಪಾಲಿನ ಮಣ್ಣು

ನೆರೆಮನೆಯ ಅಂಬಮ್ಮ ಫೋನನ್ನು ಗೋಡೆಗೆ ಆನಿಸಿ, ಜಾರದಂತೆ ಮುಂದೊಂದು ಇಟ್ಟಿಗೆ ಇಟ್ಟಳು. ಸಾಲಗುಂದದ ಖಾಸಿಂಬೀ ಮನೆಯ ಅಂಗಳದಲ್ಲಿ ನೆರೆದವರೆಲ್ಲ ಪುಟ್ಟ ಪರದೆಯತ್ತ ಬಾಗಿದರು. ಉಮ್ರಾ ಯಾತ್ರೆಗೆ ಹೋಗಿ ಮಕ್ಕಾದಲ್ಲೇ ತೀರಿಕೊಂಡ ಖಾಸಿಂಬೀಯ ಜನಾಜಾ ನಮಾಜು ಆಗಷ್ಟೇ ಮುಗಿದಿತ್ತು.

“ಭಾವಾ, ಕಬ್ರಸ್ತಾನದಾಗ ಫೋನ್ ಹಿಡಿಯಾಕ ಬಿಡವಲ್ರು,” ಎಂದ ಅಲ್ಲಿಂದ ಖಾಸಿಂಬೀಯ ತಮ್ಮ ಇಸ್ಮಾಯಿಲ್‌ಸಾಬ್. “ಬಂದ್ ಮಾಡ್ಲೇನು?”

“ಬ್ಯಾಡೋ. ಕಿಸೇದಾಗ ಇಟ್ಕೊ. ಬರೇ ಕೇಳ್ತೀನಿ,” ಎಂದ ಖಾಸಿಂಬೀಯ ಗಂಡ ದಸ್ತಗೀರ್‌ಸಾಬ್.

ಪರದೆ ಕಪ್ಪಾಯಿತು. ಹೆಜ್ಜೆಗಳ ಸದ್ದು ಮಾತ್ರ ಉಳಿಯಿತು.

“ಹೋಗೋ ದಿನ ಮನಿ ಮನಿಗೆ ಬಂದು ಮಾಫಿ ಕೇಳಿದ್ಲು,” ಎಂದಳು ಅಂಬಮ್ಮ. “ನನ್ನ ಕೋಳಿಗೂ ಕೇಳಿದ್ಲವ್ವಾ, ‘ನಿನ್ನ ಭಾಳ ಓಡಿಸೀನಿ’ ಅಂತ.”

ಯಾರೋ ನಕ್ಕು, ಸೆರಗು ಬಾಯಿಗಿಟ್ಟುಕೊಂಡರು.

“ಅಂಥ ಮಣ್ಣು ನಸೀಬ ಇದ್ದೋರಿಗೇ ಸಿಗ್ತದ,” ಎಂದಳು ದಸ್ತಗೀರ್‌ಸಾಬನ ಅಕ್ಕ ಜಮೀಲಾಬೀ.

“ಆಕಿ ನಸೀಬ ಆಕೀದು ಆಪಾ. ಗಂಡ ಆದಾಂವ ಒಂದು ಹಿಡಿ ಮಣ್ಣು ಹಾಕಬೇಕಲ್ಲ, ಅದು ನನಗ ಸಿಗಲಿಲ್ಲ.”

*

ಖಾಸಿಂಬೀಗೆ ದಮ್ಮಿನ ಕಾಯಿಲೆಯಿತ್ತು. ಭತ್ತ ಕೊಯ್ಯುವ ಕಾಲಕ್ಕೆ ಧೂಳೆದ್ದರೆ ಗೋಡೆ ಹಿಡಿದು ಕೂರುತ್ತಿದ್ದಳು.

“ಅಲ್ಲಿ ಲಕ್ಷಗಟ್ಲೆ ಮಂದಿ. ಯಾರ ಕೆಮ್ಮು ಯಾರಿಗೋ. ಬರೋ ವರ್ಷ ಇಬ್ರೂ ಹೋಗೋಣು,” ಎಂದಿದ್ದ ದಸ್ತಗೀರ್‌ಸಾಬ್, ಅವಳು ಉಮ್ರಾದ ಮಾತೆತ್ತಿದಾಗ.

“ಮದುವಿ ಆದಾಗಿಂದ ಬರೋ ವರ್ಷ ಅಂತೀರಿ. ನನ್ನ ಉಸಿರಿಗೆ ಜಾಮೀನು ನಿಲ್ತೀರೇನು?” ನಗು ಹಾಗೇ ಕೆಮ್ಮಾಯಿತು. ಅವನು ಬೆನ್ನು ನೀವಿದ.

“ಡಾಕ್ಟರು ಉಸಿರು ಎಳಕೊಳ್ಳೋ ಪಂಪು ಕೊಟ್ಟಾರ. ನೀವೂ ಬರ್ರಿ.”

“ಕಾಲುವೀಗೆ ನೀರು ಬಿಟ್ಟಾರ. ಗದ್ದಿ ಬಿಟ್ಟು ಹೆಂಗ ಬರ್ಲಿ?”

ಅವಳು ತಮ್ಮನ ಜೊತೆ ಹೋದಳು. ಅಲ್ಲಿ ಹತ್ತಿದ ಶೀತ ಎದೆಗಿಳಿಯಿತು. ಪಂಪಿಗೂ ಬಗ್ಗಲಿಲ್ಲ, ಆಸ್ಪತ್ರೆಗೂ ಬಗ್ಗಲಿಲ್ಲ.

*

ಕಿಸೆಯೊಳಗಿನ ಕತ್ತಲಿಂದ ಮಣ್ಣು ಬೀಳುವ ಸದ್ದು ಬಂತು.

ದಸ್ತಗೀರ್‌ಸಾಬ್ ಎದ್ದ. ಅಂಗಳದಾಚೆಯ ಗದ್ದೆಯಲ್ಲಿ ಬಗ್ಗಿ ಹಿಡಿ ತುಂಬ ಹಸಿ ಮಣ್ಣು ಬಾಚಿಕೊಂಡ.

“ಯಣ್ಣಾ, ಎಲ್ಲಿ ಹಾಕ್ತಿ?” ಅಂಬಮ್ಮ ಕೇಳಿದಳು.

ಅವನು ಸುತ್ತ ನೋಡಿದ. ಎಲ್ಲಿ ನೋಡಿದರೂ ಹಸಿರು ಪೈರು. ಖಾಸಿಂಬೀ ಎಲ್ಲಿಯೂ ಇರಲಿಲ್ಲ. ಕಾಲುವೆಯ ದಂಡೆ ಹಿಡಿದು ಪಡುವಣಕ್ಕೆ, ಮಕ್ಕಾದ ದಿಕ್ಕಿಗೆ, ನಡೆಯತೊಡಗಿದ.

ಸುದ್ದಿ ತಿಳಿದು ಬರುತ್ತಿದ್ದ ಗೊರೇಬಾಳದ ಗೆಳೆಯ ಪಂಪಣ್ಣ ಎದುರಾದ. ಬೈಕ್ ನಿಲ್ಲಿಸಿ ಕೈ ಚಾಚಿದ.

ದಸ್ತಗೀರ್‌ಸಾಬ್ ಎಡಗೈಯನ್ನು ಎದೆಗಿಟ್ಟುಕೊಂಡ. ಬಿಗಿದ ಬಲಮುಷ್ಟಿಯ ಬೆರಳ ಸಂದಿಯಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು.